ವೇಲಾದ ಮಿಡಿತ ನನಗೆ ಸಿಕ್ಕಿದ್ದು ಹೀಗೆ

ನನ್ನ ಮೊದಲ ಗ್ರಾಫ್‌ನಲ್ಲಿ ಏನೂ ಇರಲಿಲ್ಲ. ಒಂದೇ ಸಮ, ಚಪ್ಪಟೆ. ಗಾಮಾ ಕಿರಣಗಳಲ್ಲಿ ನೋಡಿದರೆ ಆಕಾಶದಲ್ಲಿ ಸದಾ ಬೆಳಗುವವುಗಳಲ್ಲೆಲ್ಲ ವೇಲಾ ಪಲ್ಸಾರೇ (ಗಿರಗಿರ ತಿರುಗುತ್ತಾ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಪ್ರಖರ. ಅದರ ಮಿಡಿತವೇ ಕಾಣದಿದ್ದರೆ ತಪ್ಪು ನನ್ನದೇ, ಅಲ್ವಾ?

ಕೆಲಸ ಹೇಳೋಕೆ ಸುಲಭ. ಗಾಮಾ ಕಿರಣ ಹಿಡಿಯುವ ಫರ್ಮಿ ಉಪಗ್ರಹದ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪ್ರತಿ ಫೋಟಾನ್ (ಬೆಳಕಿನ ಕಣ) ಬಂದ ಹೊತ್ತು, ದಿಕ್ಕು, ಶಕ್ತಿ ಅದರಲ್ಲಿರುತ್ತದೆ. ವೇಲಾ 89 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಯಾವ ಫೋಟಾನ್ ಸುತ್ತಿನ ಯಾವ ಹಂತದಲ್ಲಿ ಬಂತು ಎಂದು ಲೆಕ್ಕ ಹಾಕಿ ಪೇರಿಸಬೇಕು. ನಾನು 2016 ಮತ್ತು 2017ರ ಫೋಟಾನ್‌ಗಳನ್ನು ತೆಗೆದುಕೊಂಡಿದ್ದೆ.

ಮರೆತದ್ದು ಒಂದು. ಉಪಗ್ರಹದ ಗಡಿಯಾರವೂ ಭೂಮಿಯ ಜೊತೆ ಸೂರ್ಯನನ್ನು ಸುತ್ತುತ್ತಿರುತ್ತದೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು ಸುಮಾರು 500 ಸೆಕೆಂಡು ಬೇಕು. ಅಷ್ಟರಲ್ಲಿ ವೇಲಾ 5,000ಕ್ಕೂ ಜಾಸ್ತಿ ಸಲ ತಿರುಗಿರುತ್ತದೆ. ಭೂಮಿ ಆಚೀಚೆ ಹೋದಂತೆ ಫೋಟಾನ್ ಬರುವ ಹೊತ್ತೂ ಹಿಂದುಮುಂದಾಗುತ್ತದೆ, ಹಾಗಾಗಿ ಹೊತ್ತನ್ನೆಲ್ಲ ಸೌರಮಂಡಲದ ದ್ರವ್ಯಕೇಂದ್ರಕ್ಕೆ ಹೊಂದಿಸಿದೆ. ಎರಡು ಶಿಖರ ಎದ್ದವು, ಆದರೆ ಮಸುಕು.

ಎರಡನೇ ತಪ್ಪು ಹುಡುಕಲು ಒಂದು ವಾರ ಹಿಡಿಯಿತು. 2016ರ ಡಿಸೆಂಬರ್ 12ರಂದು ವೇಲಾ ಇದ್ದಕ್ಕಿದ್ದಂತೆ ಒಂಚೂರು ಬಿರುಸಾಗಿ ತಿರುಗತೊಡಗಿತ್ತು. ಇದಕ್ಕೆ ಗ್ಲಿಚ್ ಅಂತಾರೆ. ಹೆಚ್ಚಿದ ವೇಗ ಹತ್ತು ಲಕ್ಷದಲ್ಲಿ ಸುಮಾರು 1.4 ಪಾಲು. ಇಷ್ಟಕ್ಕೇ ಒಂದು ದಿನ ತುಂಬುವ ಮೊದಲೇ ಲೆಕ್ಕ ಇಡೀ ಒಂದು ಸುತ್ತು ತಪ್ಪುತ್ತದೆ. ನಾನು ಹಳೇ ವೇಗವನ್ನೇ ನಂಬಿ 2017 ಪೂರ್ತಿ ಪೇರಿಸಿದ್ದೆ! ಗ್ಲಿಚ್‌ಗೆ ಹಿಂದಿನ ಫೋಟಾನ್‌ಗಳನ್ನು ಮಾತ್ರ ಉಳಿಸಿಕೊಂಡೆ. ಶಿಖರಗಳು ಚೂಪಾಗಿ ನಿಂತವು.

ರೇಡಿಯೋದಲ್ಲಿ ವೇಲಾಕ್ಕೆ ಪ್ರತಿ ಸುತ್ತಿನಲ್ಲಿ ಒಂದೇ ಮಿಡಿತ. ಗಾಮಾದಲ್ಲಿ ಎರಡು, ಅದೂ ರೇಡಿಯೋ ಮಿಡಿತಕ್ಕೆ ಹೊಂದದ ಜಾಗದಲ್ಲಿ. ರೇಡಿಯೋ ಬರುವುದು ಕಾಂತಧ್ರುವದ ಮೇಲಿಂದ. ಗಾಮಾ ಹುಟ್ಟುವುದು ತುಂಬಾ ಹೊರಗೆ. ಪಲ್ಸಾರಿನ ಜೊತೆ ತಿರುಗುವ ಕಾಂತರೇಖೆ ಬೆಳಕಿನ ವೇಗ ಮುಟ್ಟಬೇಕಾದ ಗಡಿಯೊಂದಿದೆ, ವೇಲಾದಲ್ಲಿ ಸುಮಾರು 4,200 ಕಿ.ಮೀ. ದೂರದಲ್ಲಿ. ಅದರ ಆಸುಪಾಸಿನಲ್ಲಿ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಅಟ್ಟುತ್ತದೆ. ಬಾಗಿದ ದಾರಿಯಲ್ಲಿ ಓಡುತ್ತಾ ಅವು ಗಾಮಾ ಕಿರಣ ಚೆಲ್ಲುತ್ತವೆ. ಧ್ರುವದ ಹತ್ತಿರವೇ ಹುಟ್ಟಿದ್ದರೆ ಅಲ್ಲಿನ ಭಾರೀ ಕಾಂತಕ್ಷೇತ್ರ ಹೆಚ್ಚು ಶಕ್ತಿಯ ಫೋಟಾನ್‌ಗಳನ್ನು ಎಲೆಕ್ಟ್ರಾನ್, ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ಅವಳಿ) ಜೋಡಿಗಳಾಗಿ ಮಾರ್ಪಡಿಸಿಬಿಡುತ್ತಿತ್ತು. ಆಗ ರೋಹಿತ (ಯಾವ ಶಕ್ತಿಯ ಫೋಟಾನ್ ಎಷ್ಟು ಎಂಬ ಗೆರೆ) ಕೆಲವು ಜಿಇವಿ (ಶತಕೋಟಿ ಎಲೆಕ್ಟ್ರಾನ್ ವೋಲ್ಟ್, ಫೋಟಾನ್ ಶಕ್ತಿಯ ಅಳತೆ) ದಾಟಿದೊಡನೆ ಕತ್ತರಿಸಿದಂತೆ ನಿಲ್ಲಬೇಕಿತ್ತು. ಅದು ಹಾಗೆ ನಿಲ್ಲುವುದಿಲ್ಲ, ಮೆತ್ತಗೆ ಇಳಿಯುತ್ತದೆ.

ಆಮೇಲೆ ಸುಮ್ನೆ ಕುತೂಹಲಕ್ಕೆ 10 ಜಿಇವಿ ಮೇಲಿನವನ್ನಷ್ಟೇ ಪೇರಿಸಿದೆ. ಉಳಿದದ್ದು ಕಡಿಮೆ. ಮೊದಲ ಶಿಖರ ಹೆಚ್ಚುಕಡಿಮೆ ಮಾಯ, ಎರಡನೆಯದು ಗಟ್ಟಿಯಾಗಿ ನಿಂತಿತ್ತು. ಮತ್ತೆ ಲೆಕ್ಕ ತಪ್ಪಿದೆನಾ ಎಂದು ಮೂರು ಸಲ ನೋಡಿದೆ. ತಪ್ಪಿರಲಿಲ್ಲ, ವೇಲಾ ಇರುವುದೇ ಹಾಗೆ. 2023ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ವೇಲಾದಿಂದ 20 ಟಿಇವಿ (ಒಂದು ಟಿಇವಿ ಅಂದರೆ ಸಾವಿರ ಜಿಇವಿ) ಶಕ್ತಿಯ ಮಿಡಿತ ಹಿಡಿದ ಸುದ್ದಿ ಬಂತು. ಬಾಗಿದ ದಾರಿಯ ಓಟವೊಂದರಿಂದ ಅಷ್ಟು ಶಕ್ತಿ ಬರುವುದು ಕಷ್ಟ. ಎಲೆಕ್ಟ್ರಾನ್‌ಗಳು ಕಡಿಮೆ ಶಕ್ತಿಯ ಫೋಟಾನ್‌ಗಳಿಗೆ ಗುದ್ದಿ ಮೇಲೆತ್ತುತ್ತಿರಬೇಕು. ನಾನು ಮೊದಲು ನೋಡಿದ್ದು ಆ ಮಿಡಿತ ಯಾವ ಹಂತದಲ್ಲಿದೆ ಅಂತ. ನನ್ನ ಎರಡನೇ ಶಿಖರದ ಜಾಗದಲ್ಲೇ ಇತ್ತು.