ಡಿಫರೆನ್ಸ್ ಈಕ್ವೇಶನ್: ಮೊದಲು ನಿಲ್ಲುವ ಜಾಗ ಹುಡುಕಿ

ಪುಣೆಯ ಕೊಥ್ರೂಡ್‌ನಲ್ಲಿ ನನ್ನ ಹತ್ತಿರ ಲೆಕ್ಕ ಕಲಿಯಲು ಬರುವವರಲ್ಲಿ ಧಾರವಾಡ, ವಿಜಯಪುರ ಕಡೆಯ ಮನೆಗಳ ಮಕ್ಕಳೇ ಜಾಸ್ತಿ. ಕೆಲವರು ಕಂಪ್ಯೂಟರ್ ಓದುತ್ತಾರೆ, ಕೆಲವರು ಬಯಾಲಜಿ. ಡಿಫರೆನ್ಸ್ ಈಕ್ವೇಶನ್ ಅಂದರೆ ಈಗಿನ ಸಂಖ್ಯೆಯಿಂದ ಮುಂದಿನ ಸಂಖ್ಯೆ ಹೇಳುವ ನಿಯಮ. ಅದರ ಬಗ್ಗೆ ಎಲ್ಲರಿಗೂ ನಾನು ಹೇಳುವುದು ಒಂದೇ: ಸೂತ್ರ ಆಮೇಲೆ. ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಒಂದು ಚೌಕಳಿ ನೋಟ್‌ಬುಕ್ ತನ್ನಿ.

ಔಷಧಿಯಿಂದ ಶುರು ಮಾಡಿ. ದಿನಕ್ಕೆ 100 ಮಿಲಿಗ್ರಾಂ ಮಾತ್ರೆ. ಮರುದಿನದ ಹೊತ್ತಿಗೆ ಮೈಯಲ್ಲಿ ಅರ್ಧ ಉಳಿಯುತ್ತದೆ ಅಂದುಕೊಳ್ಳಿ. ಅಂದರೆ, ನಾಳೆಯದು = ಇಂದಿನದರ ಅರ್ಧ + 100. ಕೈಯಿಂದಲೇ ಬರೆಯಿರಿ: 100, 150, 175, 187.5. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಇಂದಿನದೂ ನಾಳೆಯದೂ ಒಂದೇ ಆಗುವ ಸಂಖ್ಯೆ ಹುಡುಕಿ. ಅದು 200; ಅದೇ ನಿಲ್ಲುವ ಜಾಗ. ಈಗ ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿ, 200ಕ್ಕೆ ಎಷ್ಟು ಕಡಿಮೆ ಅಂತ: 100, 50, 25, 12.5. ಪ್ರತಿ ಸಲ ಅಂತರ ಅರ್ಧ ಆಗುತ್ತಿದೆ, ಅಲ್ವಾ? ಈ ಎರಡನೇ ಸಾಲನ್ನು ಮಾತ್ರ ಯಾವತ್ತೂ ಬಿಡಬೇಡಿ. 400ರಿಂದ ಶುರು ಮಾಡಿದರೂ ಅದು 200ರ ಕಡೆಗೇ ಬರುತ್ತದೆ. ಮಾಡಿ ನೋಡಿ.

ಕಂಪ್ಯೂಟರ್‌ನವರಿಗೆ ಹನೋಯ್ ಗೋಪುರ ಗೊತ್ತು: ಮೂರು ಕಂಬಗಳ ಆಟ, ಸಲಕ್ಕೆ ಒಂದೇ ಬಿಲ್ಲೆ ಸರಿಸಿ, ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಇಡೀ ಗೋಪುರವನ್ನು ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಎಷ್ಟು ಸಲ ಸರಿಸಬೇಕು ಅನ್ನುವುದೇ ಲೆಕ್ಕ. ಮೇಲಿನ ಬಿಲ್ಲೆಗಳನ್ನೆಲ್ಲ ಸರಿಸಬೇಕು, ತಳದ್ದನ್ನು ಸರಿಸಬೇಕು, ಮತ್ತೆ ಮೇಲಿನವನ್ನು ತಂದು ಇಡಬೇಕು. ಹಾಗಾಗಿ ಹೊಸದು = ಹಳೆಯದರ ಎರಡರಷ್ಟು + 1. ಸಂಖ್ಯೆಗಳು 1, 3, 7, 15. ಇಲ್ಲಿ ನಿಲ್ಲುವ ಜಾಗ −1. ಅಲ್ಲಿಂದ ಅಂತರ 2, 4, 8, 16. ಸೂತ್ರ ತಾನಾಗಿ ಬಂತು: ಬಿಲ್ಲೆ ಎಷ್ಟಿದೆಯೋ ಅಷ್ಟು ಸಲ 2ನ್ನು ಗುಣಿಸಿ, 1 ಕಳೆಯಿರಿ. ಔಷಧಿಯಲ್ಲಿ ಅಂತರ ಕುಗ್ಗಿತು, ಇಲ್ಲಿ ಹಿಗ್ಗಿತು. ಕೆಲಸ ಮಾತ್ರ ಒಂದೇ.

ಇಷ್ಟು ಕೈಗೆ ಕೂತ ಮೇಲೆ ಜೀವಿಗಳ ಸಂಖ್ಯೆಗೆ ಬನ್ನಿ. ಜಾಗ, ಆಹಾರ ಸೀಮಿತ ಇದ್ದಾಗ: ಮುಂದಿನದು = ಆರ್ × ಈಗಿನದು × (1 − ಈಗಿನದು). ಇಲ್ಲಿ ಆರ್ ಅಂದರೆ ಬೆಳವಣಿಗೆ ಎಷ್ಟು ಜೋರು ಅಂತ ಹೇಳುವ ಸಂಖ್ಯೆ; ಜೀವಿಗಳ ಸಂಖ್ಯೆಯನ್ನು 0ಯಿಂದ 1ರ ನಡುವಿನ ಭಾಗವಾಗಿ ಬರೆಯುತ್ತೇವೆ. 1976ರಲ್ಲಿ ವಿಜ್ಞಾನಿ ರಾಬರ್ಟ್ ಮೇ ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಇಂಥ ಸಮೀಕರಣವನ್ನು ಗಣಿತ ಕಲಿಯುವವರಿಗೆ ಬೇಗನೇ ತೋರಿಸಬೇಕು ಎಂದು ಒತ್ತಾಯಿಸಿದರು. ನನಗೂ ಅದೇ ಸರಿ ಅನ್ನಿಸುತ್ತದೆ.

ನಿಲ್ಲುವ ಜಾಗದ ಹತ್ತಿರ ಇಲ್ಲಿ ಅಂತರ ಪ್ರತಿ ಸಲ ಸುಮಾರು (2 − ಆರ್) ಪಟ್ಟು ಆಗುತ್ತದೆ. ಆರ್ 2.8 ಇದ್ದರೆ ಅದು −0.8. ಸಂಖ್ಯೆ ಆಚೆ ಈಚೆ ಜಿಗಿಯುತ್ತಾ 0.643ರ ಹತ್ತಿರ ನಿಲ್ಲುತ್ತದೆ. ಆರ್ 3.2 ಇದ್ದರೆ ಅದು −1.2. ನಿಲ್ಲುವುದಿಲ್ಲ; 0.513, 0.799, ಈ ಎರಡರ ನಡುವೆ ಓಡಾಡುತ್ತದೆ. ಇನ್ನು ಆರ್ 3.9 ಇಟ್ಟು ಎರಡು ಸಾಲು ಬರೆಯಿರಿ. ಒಂದು 0.2ರಿಂದ, ಇನ್ನೊಂದು 0.201ರಿಂದ. ಎಷ್ಟನೇ ಹೆಜ್ಜೆಯಲ್ಲಿ ಅವು ದೂರವಾದವು ಅಂತ ಗುರುತು ಹಾಕಿಟ್ಟುಕೊಳ್ಳಿ.