‘ಮಂದಿ ಏನಂತಾರ’ ಅನ್ನೋ ಆ ಮಂದಿ ಯಾರು, ಮೊದಲು ಬರೆದುಕೊಳ್ಳಿ

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಡಿಗ್ರಿ ಮುಗಿಸಿದ ಮಕ್ಕಳ ಮುಂದೆ ಇರುವುದು ಎರಡೇ ದಾರಿ. ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರು, ಇಲ್ಲಾ ಬೆಂಗಳೂರು ಬಸ್ ಹತ್ತು. ಹೆಣ್ಣುಮಕ್ಕಳಿಗೆ ಮೂರನೆಯದೂ ಇದೆ, ಲಗ್ನ. ಇವು ಯಾವುದೂ ಬೇಡ, ನಾನು ಬೇರೆ ಏನೋ ಮಾಡಬೇಕು ಅಂತ ಒಳಗೊಳಗೇ ಒದ್ದಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಗಂಗಾವತಿ ಕಡೆಯ ಹಳ್ಳಿಯವಳು. ಎರಡು ವರ್ಷ ಧಾರವಾಡದಲ್ಲಿ ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದಿ, ಅದನ್ನು ಬಿಟ್ಟು ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಕೆಲಸ ಕಲಿಯಲು ಹೋದೆ. ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಒಂದೇ ಸಲ ಬರಲಿಲ್ಲ. ಹೇಗೆ ಬಂತೋ ಹಾಗೇ ಹೇಳುತ್ತೇನೆ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ‘ಮಂದಿ ಏನಂತಾರ’ ಅನ್ನುವ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ, ಆದರೆ ಆ ಮಂದಿ ಯಾರು ಅಂತ ಯಾರೂ ಕೇಳುವುದಿಲ್ಲ. ನಾನು ಒಂದು ರಾತ್ರಿ ಪಿಜಿಯಲ್ಲಿ ಕೂತು ಹೆಸರು ಬರೆದೆ. ಇಡೀ ಊರೇ ಇರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಐದು ಹೆಸರು: ಅಪ್ಪ, ಅವ್ವ, ಸೋದರಮಾವ, ನಮ್ಮ ಓಣಿಯ ರಿಟೈರ್ಡ್ ಮಾಸ್ತರು, ನನ್ನ ಜೊತೆ ಓದುತ್ತಿದ್ದ ಗೆಳತಿ. ನಾನು ಎರಡು ವರ್ಷ ಹೆದರಿದ್ದು ಈ ಐದು ಜನರಿಗೆ.

ಆಮೇಲೆ ಪ್ರತಿ ಹೆಸರಿನ ಮುಂದೆ ಎರಡು ಸಾಲು ಬರೆಯಿರಿ. ಇವರು ಏನನ್ನುತ್ತಾರೆ, ಹಾಗನ್ನುವುದಕ್ಕೆ ಒಳಗಿನ ಭಯ ಯಾವುದು. ಎರಡನೇ ಸಾಲಿಗೆ ಟೈಮ್ ಹಿಡಿಯುತ್ತದೆ, ಅವಸರ ಮಾಡಬೇಡಿ, ನನಗೆ ಒಂದು ವಾರ ಬೇಕಾಯಿತು. ಅಪ್ಪನಿಗೆ ಗೊತ್ತಾದರೆ ಅನ್ನುವುದು, ‘ಡಿಗ್ರಿ ಮಾಡಿದಾಕಿ ಗೊಂಬಿ ಮಾಡ್ಕೊಂತ ಕುಂತ್ರ ನಾ ಹೆಂಗ ತಲಿ ಎತ್ತಲಿ?’ ಅಂತ. ಆದರೆ ಅಪ್ಪನ ಭಯ ಗೊಂಬೆಯದಲ್ಲ. ನನ್ನ ಕೋಚಿಂಗಿಗೆ ಅಂತ ದಲ್ಲಾಳಿ ಅಂಗಡಿಯಲ್ಲಿ 80,000 ರೂಪಾಯಿ ಎತ್ತಿದ್ದರು. ಎರಡನೇ ಬೆಳೆಗೆ ಕಾಲುವೆ ನೀರು ಬರದಿದ್ದರೆ ಅದನ್ನು ತೀರಿಸುವುದು ಹೇಗೆ ಅನ್ನುವುದು ಅವರ ನಿದ್ದೆ ಕೆಡಿಸಿತ್ತು. ಅವ್ವನಿಗೆ, ಮಗಳು ಗೊತ್ತಿಲ್ಲದ ಊರಿನಿಂದ ಕತ್ತಲಾದ ಮೇಲೆ ಬಸ್ಸಿನಲ್ಲಿ ಒಬ್ಬಳೇ ಬರುವ ಚಿಂತೆ. ಮಾವ ಆಗಲೇ ಒಂದು ಸಂಬಂಧ ನೋಡಿ ಅವರಿಗೆ ಮಾತು ಕೊಟ್ಟುಬಿಟ್ಟಿದ್ದ. ಮಾಸ್ತರ ಮುಂದೆ ಎಷ್ಟು ಯೋಚಿಸಿದರೂ ಬರೆಯಲು ಏನೂ ಸಿಗಲಿಲ್ಲ, ಅವರಿಗೆ ನನ್ನಿಂದ ಆಗುವ ನಷ್ಟ ಯಾವುದೂ ಇಲ್ಲ. ಹೆಸರು ಹೊಡೆದು ಹಾಕಿದೆ. ಗೆಳತಿಗೆ ನಾನು ಬಿಟ್ಟು ಹೋದರೆ ಒಬ್ಬಳೇ ಆಗುವ ಭಯ, ಅಷ್ಟೇ.

ನೋಡಿ, ‘ತಲೆ ಎತ್ತಲಿ ಹೇಗೆ’ ಅನ್ನುವ ಮಾತಿಗೆ ಯಾರ ಹತ್ತಿರವೂ ಉತ್ತರ ಇಲ್ಲ. 80,000 ರೂಪಾಯಿಗೆ ಉತ್ತರ ಹುಡುಕಬಹುದು. ಅದಕ್ಕೇ ಹಾಳೆ ಬೇಕು.

ಇದಾದ ಮೇಲೂ ಮನೆಯಲ್ಲಿ ಬಾಯಿ ಬಿಡಬೇಡಿ. ನಿಮ್ಮ ಕನಸಿನ ಕೆಲಸದಲ್ಲಿ ಬೇಜಾರು ಹಿಡಿಸುವ ಭಾಗ ಯಾವುದೋ ಅದನ್ನು ಮೊದಲು ಒಂದು ತಿಂಗಳು ಮಾಡಿ ನೋಡಿ. ನಾನು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕಿನ್ನಾಳದ ಗರುಡನ ಗೊಂಬೆ ನೋಡಿ ಮರುಳಾದವಳು. ಆ ಕೆಂಪು, ಆ ಹೊಳಪು, ಆ ಕಣ್ಣು! ಬಣ್ಣ ಹಚ್ಚುವುದೇ ಕೆಲಸ ಅಂದುಕೊಂಡಿದ್ದೆ. ಕಿನ್ನಾಳ ಕೊಪ್ಪಳದಿಂದ ದೂರವೇನಿಲ್ಲ, ಸರ್ಕಾರಿ ಬಸ್ಸಿದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಕೂಡ ಇಲ್ಲ. ಹೋದೆ. ಚಿತ್ರಗಾರರ ಮನೆಯ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಫೋಟೋ ತಗೊಂಡು ಹೋಗಾಕ ಬಂದೀಯೇನವಾ?’ ಅಂದರು. ಇಲ್ಲ, ಕಲಿಯೋಕೆ ಅಂದೆ. ಹುಣಸೆ ಬೀಜ ಕೊಟ್ಟು ಕೂರಿಸಿದರು. ನೆನೆದ ಬೀಜದ ಸಿಪ್ಪೆ ತೆಗೆದು ಅರೆಯಬೇಕು, ಅದರಿಂದಲೇ ಅಂಟು ಆಗುವುದು. ಗೊಂಬೆಯ ಕೈ, ಕಾಲು, ತಲೆ ಎಲ್ಲ ಹಗುರ ಮರದಲ್ಲಿ ಬೇರೆ ಬೇರೆ ಕೆತ್ತಿ ಆ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರಿನ ಪುಡಿ ಕಲಸಿದ ‘ಕಿಟ್ಟ’ ಅನ್ನುವ ಮುದ್ದೆಯಿಂದ ಸಂದು ಮುಚ್ಚುತ್ತಾರೆ. ಆಮೇಲೆ ಅರಳೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಅದು ಒಣಗಿದ ಮೇಲೆ ಬಣ್ಣ. ಬಣ್ಣ ಬರುವುದು ಎಲ್ಲಕ್ಕಿಂತ ಕೊನೆಗೆ. ಒಂದು ತಿಂಗಳು ಶನಿವಾರ, ಭಾನುವಾರ ನಾನು ಬ್ರಷ್ ಮುಟ್ಟಲಿಲ್ಲ. ಉಗುರಿನ ಸಂದಿಯಲ್ಲಿ ಅಂಟು ಒಣಗಿ ಬಿರಿಯುತ್ತಿತ್ತು, ವಾಸನೆ ಊಟದ ತಟ್ಟೆಯ ತನಕ ಬರುತ್ತಿತ್ತು. ಆದರೂ ಸೋಮವಾರ ಓದಲು ಕೂತಾಗ ಕೈ ಆ ಬೀಜವನ್ನೇ ನೆನೆಯುತ್ತಿತ್ತು. ಆಗ ಗೊತ್ತಾಯಿತು. ನಿಮಗೆ ಸಿನಿಮಾ ಇಷ್ಟವೋ, ಹಕ್ಕಿ ಫೋಟೋ ತೆಗೆಯುವುದು ಇಷ್ಟವೋ, ಟ್ರ್ಯಾಕ್ಟರ್ ರಿಪೇರಿ ಇಷ್ಟವೋ, ಅದರ ಬೀಜ ಅರೆಯುವ ಕೆಲಸ ಯಾವುದು ಅಂತ ಹುಡುಕಿ. ಅದು ಸಾಕಾಗಿ ಹೋದರೆ ವಾಪಸ್ ಬನ್ನಿ, ಯಾರಿಗೂ ಗೊತ್ತಾಗಿರುವುದಿಲ್ಲ, ಏನೂ ಕಳೆದುಕೊಂಡಿರುವುದಿಲ್ಲ.

ಇನ್ನು ದುಡ್ಡು. ಇದನ್ನು ಬಿಟ್ಟು ಬರೀ ಧೈರ್ಯದ ಮಾತಾಡುವವರನ್ನು ನಂಬಬೇಡಿ. ಬಳ್ಳಾರಿ ರಾಘವರ ಹೆಸರು ಕೇಳಿರುತ್ತೀರಿ, ಬಳ್ಳಾರಿಯ ಕಲಾಮಂದಿರಕ್ಕೆ ಅವರ ಹೆಸರೇ ಇದೆ. 1946ರಲ್ಲಿ ತೀರಿಕೊಂಡ ದೊಡ್ಡ ನಟ. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳು ರಂಗಕ್ಕೆ ಬರಲಿ ಅಂದವರು. ಅವರು ವಕೀಲರಾಗಿದ್ದರು. ಹಗಲು ಕೋರ್ಟು, ರಾತ್ರಿ ನಾಟಕ. ಹೊಟ್ಟೆಯ ಕೆಲಸ ಒಂದು ಇಟ್ಟುಕೊಂಡರೆ ಕನಸು ಸಣ್ಣದಾಗುವುದಿಲ್ಲ. ನಾನು ಊರಲ್ಲಿ ಬೆಳಿಗ್ಗೆ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಶುರು ಮಾಡಿದೆ. ತಿಂಗಳಿಗೆ 4,000 ರೂಪಾಯಿ ಎತ್ತಿಟ್ಟರೆ ಅಪ್ಪನ ಸಾಲಕ್ಕೆ 20 ತಿಂಗಳು. ಬಡ್ಡಿ ಬೇರೆ, ಅದನ್ನೂ ಬರೆದೆ.

ಕೈಕಸುಬಿನವರಾದರೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 18 ಕಸುಬುಗಳಲ್ಲಿ ಗೊಂಬೆ ಮಾಡುವುದೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಮೊದಲ ಸಾಲ 1 ಲಕ್ಷದ ತನಕ, ಬಡ್ಡಿ ನೂರಕ್ಕೆ 5. ಮನೆಗೆ ಒಬ್ಬರಿಗೆ ಮಾತ್ರ. ಇನ್ನೊಂದು ಮಾತು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಸರ್ಟಿಫಿಕೇಟ್ ಜೋಪಾನವಾಗಿ ಇಟ್ಟಿರಿ. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ನಮಗೇ ಮೀಸಲು. ಇವತ್ತು ಬೇಡವಾದ ದಾರಿಗೆ ಬೇಲಿ ಹಾಕುವ ಅಗತ್ಯ ಇಲ್ಲ.

ಮನೆಯಲ್ಲಿ ಹೇಳುವುದಕ್ಕೆ ದಿನ ನೋಡಿಕೊಳ್ಳಿ. ಹಬ್ಬದ ದಿನ ಬೇಡ, ನೆಂಟರ ಮುಂದೆ ಬೇಡ. ಫೋನಿನಲ್ಲಂತೂ ಬೇಡವೇ ಬೇಡ. ನಾನು ಭತ್ತ ಮಾರಿ ದುಡ್ಡು ಕೈಗೆ ಬಂದ ವಾರ, ಅಪ್ಪ ಒಬ್ಬರೇ ಕಟ್ಟೆ ಮೇಲೆ ಕೂತಿದ್ದಾಗ ಹೇಳಿದೆ. ಮೊದಲು ಸಾಲದ ಲೆಕ್ಕದ ಹಾಳೆ ಕೊಟ್ಟೆ, ಗೊಂಬೆಯ ಮಾತು ಆಮೇಲೆ. ‘ಎರಡು ವರ್ಷ ಕೊಡ್ರಿ ಅಪ್ಪಾ, ಆಗಲಿಲ್ಲ ಅಂದ್ರ ಮತ್ತ ಪರೀಕ್ಷೆ ಬರೀತೀನಿ’ ಅಂದೆ. ಅವಧಿ ಹೇಳಿದರೆ ಮನೆಯವರು ಉಸಿರು ಬಿಡುತ್ತಾರೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಹಾಳೆ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಅವ್ವನನ್ನು ಒಂದು ದಿನ ಕಿನ್ನಾಳಕ್ಕೇ ಕರೆದುಕೊಂಡು ಹೋದೆ. ಆ ಮನೆಯ ಅಮ್ಮನ ಜೊತೆ ರೊಟ್ಟಿ ಬಡಿಯುತ್ತಾ ಕೂತವಳು, ಬರುವಾಗ ನನಗಿಂತ ಜಾಸ್ತಿ ಆ ಮನೆ ಸುದ್ದಿ ಮಾತಾಡಿದಳು.

ಒಂದು ತಪ್ಪು ಮಾತ್ರ ಮಾಡಬೇಡಿ. ವಾದಕ್ಕೆ ಪ್ರಶಸ್ತಿ ಬಂದವರ ಹೆಸರು ತರಬೇಡಿ. ನಮ್ಮದೇ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ನಾನು ಕುಣಿದುಬಿಟ್ಟೆ, ಮಾವನ ಮುಂದೆ ಪೇಪರ್ ಹಿಡಿದೆ. ‘ಆಕೀಗೆ 96 ವರ್ಷ ಆತು, ಅಲ್ಲೀತನ ಏನ್ ತಿನ್ನಬೇಕು?’ ಅಂದ. ಸರಿಯಾದ ಪ್ರಶ್ನೆಯೇ. ಅಂಥವರನ್ನು ನೋಡಿ ಕಲಿಯಬೇಕಾದದ್ದು, ಪ್ರಶಸ್ತಿ ಇಲ್ಲದ ಅಷ್ಟು ವರ್ಷ ಅವರು ದಿನಾ ಏನು ಮಾಡುತ್ತಿದ್ದರು ಅನ್ನುವುದನ್ನು.

ಇಷ್ಟೆಲ್ಲ ಹೇಳಿದೆ, ಆದರೆ ಬೇರೆಯಾಗಿರುವುದು ಎಲ್ಲರಿಗೂ ನನ್ನ ಹಾಗೆ ಆಯ್ಕೆ ಅಲ್ಲ. ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರನ್ನು ನೆನೆಸಿಕೊಳ್ಳಿ. ಗಂಡುಮಗುವಾಗಿ ಬೆಳೆದು, ತಾನು ಹೆಣ್ಣು ಅಂತ ಹೇಳಿಕೊಂಡದ್ದಕ್ಕೆ ಮನೆ ದೂರವಾಯಿತು, ಭಿಕ್ಷೆ ಬೇಡಿದರು. ಜೋಗತಿ ನೃತ್ಯ ಕಲಿಸುವವರು ಸಿಕ್ಕ ಮೇಲೆ ಬದುಕಿಗೆ ಆಸರೆ ಸಿಕ್ಕಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ನಿಮ್ಮ ಪರಿಸ್ಥಿತಿ ಹಾಗಿದ್ದರೆ, ಮನೆಯವರನ್ನು ಒಪ್ಪಿಸುವುದು ಆಮೇಲೆ, ಮೊದಲು ನಿಮ್ಮಂಥವರು ಒಬ್ಬರನ್ನು ಹುಡುಕಿ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಹೇಳುವ ಮೊದಲೇ ಇರಲು ಒಂದು ಜಾಗ ನೋಡಿಟ್ಟುಕೊಳ್ಳಿ.

ನನ್ನ ಹಾಳೆ ಇನ್ನೂ ಟ್ರಂಕಿನಲ್ಲಿದೆ. ಐದರಲ್ಲಿ ನಾಲ್ಕು ಹೆಸರು ಹೊಡೆದಿದ್ದೇನೆ. ಮಾವನದು ಹಾಗೇ ಇದೆ, ಆ ಸಂಬಂಧ ಮುರಿದ ಸಿಟ್ಟು ಇನ್ನೂ ಹೋಗಿಲ್ಲ. ಮೊನ್ನೆ ಬಂದಾಗ ಮಾತಾಡಲಿಲ್ಲ, ಆದರೆ ಹೋಗುವಾಗ ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದ ಗೌರಿ ಗೊಂಬೆಯನ್ನು ತುಳಿಯಬಾರದು ಅಂತ ಸುತ್ತು ಹಾಕಿಕೊಂಡು ಹೋದ.