ಮನೆಯ ಕಂಪ್ಯೂಟರಿನಲ್ಲಿ ಕುಕೀಗಳನ್ನು ಹದ್ದುಬಸ್ತಿನಲ್ಲಿಡುವ ಬಗೆ

ಕುಕೀ ಎಂಬುದು ಜಾಲತಾಣವೊಂದು ನಿಮ್ಮ ಬ್ರೌಸರಿನಲ್ಲಿ ಉಳಿಸುವ ಸಣ್ಣ ಪಠ್ಯದ ತುಣುಕು. 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಇದನ್ನು ರೂಪಿಸಿದ್ದು, ಗ್ರಾಹಕರು ಆರಿಸಿದ ಸಾಮಾನು ತಾಣಕ್ಕೆ ನೆನಪಿರಲಿ ಎಂಬ ಸಾಧುವಾದ ಉದ್ದೇಶದಿಂದಲೇ. ಆದ್ದರಿಂದ ಎಲ್ಲ ಕುಕೀಗಳನ್ನೂ ತಡೆಯಲು ಹೋಗಬೇಡಿ. ಹಾಗೆ ಮಾಡಿದರೆ ಹೆಚ್ಚಿನ ತಾಣಗಳಿಗೆ ಲಾಗಿನ್ ಆಗುವುದೇ ಸಾಧ್ಯವಾಗದು. ತಡೆಯಬೇಕಾದದ್ದು ನೀವು ತೆರೆದ ತಾಣದೊಳಗೆ ಸೇರಿಕೊಂಡ ಜಾಹೀರಾತು ಕಂಪನಿಗಳ ಥರ್ಡ್ ಪಾರ್ಟಿ ಕುಕೀಗಳನ್ನು. ಏಕೆಂದರೆ ಒಂದೇ ಕಂಪನಿಯ ಜಾಹೀರಾತು ಹತ್ತಾರು ತಾಣಗಳಲ್ಲಿರುವಾಗ, ನಿಮ್ಮ ಓಡಾಟವನ್ನೆಲ್ಲ ಅದು ಒಂದೇ ಗುರುತಿನಡಿ ಜೋಡಿಸಬಲ್ಲದು.

ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಇವುಗಳನ್ನು ತಾವೇ ನಿರ್ಬಂಧಿಸಬೇಕು. ಫೈರ್‌ಫಾಕ್ಸ್‌ನಲ್ಲಿ ಇಂಥ ಜಾಡು ಹಿಡಿಯುವಿಕೆಯನ್ನು ಬಿಗಿಯಾಗಿ ತಡೆಯುವ ‘ಸ್ಟ್ರಿಕ್ಟ್’ ಎಂಬ ಆಯ್ಕೆಯಿದೆ. ಅದರಿಂದ ಯಾವುದಾದರೂ ತಾಣ ಸರಿಯಾಗಿ ತೆರೆಯದಿದ್ದರೆ ಅದೊಂದಕ್ಕಷ್ಟೇ ವಿನಾಯಿತಿ ಕೊಡಿ. ಇನ್‌ಕಾಗ್ನಿಟೊ ವಿಂಡೋವನ್ನು, ಅಂದರೆ ಬ್ರೌಸರಿನ ಖಾಸಗಿ ಕಿಟಕಿಯನ್ನು, ಅತಿಯಾಗಿ ನಂಬುವವರಿದ್ದಾರೆ. ಅದು ನೋಡಿದ ತಾಣಗಳ ಪಟ್ಟಿಯನ್ನು ಮನೆಯವರಿಂದ ಮರೆಮಾಡುತ್ತದೆಯೇ ಹೊರತು ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯಿಂದಲ್ಲ.

ಕಂಪ್ಯೂಟರಿನೊಳಗೆ ನುಸುಳಿ ಗೂಢಚರ್ಯೆ ಮಾಡುವ ಸ್ಪೈವೇರ್ ಬೇರೆಯೇ ಜಾತಿ. ಕುಕೀ ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಸ್ಪೈವೇರ್ ಓಡುತ್ತದೆ, ಕೀಬೋರ್ಡಿನಲ್ಲಿ ಒತ್ತಿದ ಪಾಸ್‌ವರ್ಡನ್ನೂ ಕದಿಯಬಲ್ಲದು, ಮತ್ತು ಕುಕೀ ಅಳಿಸಿದ ಮಾತ್ರಕ್ಕೆ ತೊಲಗುವುದಿಲ್ಲ. ಹಾಕಿದ ನೆನಪೇ ಇಲ್ಲದ ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರಿಗೆ ಸೇರಿಸುವ ಕಿರು ಪ್ರೋಗ್ರಾಂಗಳನ್ನು) ಮೊದಲು ತೆಗೆದುಹಾಕಿ, ಬಳಿಕ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ (ಕಂಪ್ಯೂಟರನ್ನು ಮರುಪ್ರಾರಂಭಿಸಿ, ವಿಂಡೋಸ್ ಶುರುವಾಗುವ ಮೊದಲೇ ಮಾಡುವ ತಪಾಸಣೆ) ನಡೆಸಿ. ಏನಾದರೂ ಸಿಕ್ಕಿದರೆ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಿಂದಲ್ಲ, ಬೇರೊಂದು ಸಾಧನದಿಂದ ಬದಲಾಯಿಸಿ.